ಐವರ ಪ್ರವಾಸ, ಒಂದೂವರೆ ಟಿಕೀಟು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟವರ ಮನೆಯೊಂದರಲ್ಲಿ ಹದಿನೈದು ದಿನದಿಂದ ಒಂದೇ ಮಾತು. "ಈ ಸಲವಾದ್ರೂ ಮುರುಡೇಶ್ವರಕ್ಕೆ ಹೋಗೋದೋ, ಇಲ್ವೋ?" ಕೇಳುವವರು ಮನೆಯ ಅಜ್ಜಿ. ಉತ್ತರ ಕೊಡಬೇಕಾದವರು ಯಜಮಾನರು. ಯಜಮಾನರ ಕಣ್ಣು ಮಾತ್ರ ಗಲ್ಲಾಪೆಟ್ಟಿಗೆ ಮೇಲೆ. ಎರಡು ದಿನ ಶಟರ್ ಎಳೆದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ, ಹೋದವನು ತಿರುಗಿ ಬರುತ್ತಾನೆಂಬ ಖಾತರಿ ಏನು?

ಇದು ಆ ಒಂದು ಮನೆಯ ಕಥೆಯಲ್ಲ. ಪೇಟೆಯಲ್ಲಿ ತಕ್ಕಡಿ ಹಿಡಿದ ಯಾರನ್ನೇ ಕೇಳಿ, ಇದೇ ಗೋಳು. ದೇವರು ಕರೆದರೂ ವ್ಯಾಪಾರ ಬಿಡಬೇಕಲ್ಲ!

ಯಾವಾಗ ಹೋಗೋದು ಸ್ವಾಮೀ?

ಮೊದಲ ತಕರಾರು ದಿನದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಶರಾವತಿ ಘಟ್ಟದ ತಿರುವುಗಳಲ್ಲಿ ಮಂಜು, ಕೆಳಗೆ ಕಡಲು ಕೆರಳಿ ನಿಂತಿರುತ್ತದೆ. ಆ ಯೋಚನೆ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಉಂಟು, ಆದರೆ ಕರಾವಳಿಯ ಸೆಖೆ ಅಜ್ಜಿಗೆ ಆಗದು. ಜೊತೆಗೆ ಮದುವೆ ಸೀಸನ್ ಬೇರೆ, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ದೀಪಾವಳಿಯಲ್ಲಿ ಅಂಗಡಿ ಬಿಟ್ಟವನನ್ನು ವ್ಯಾಪಾರಿ ಎನ್ನುವವರಾರು? ಡಿಸೆಂಬರ್ ತಿಂಗಳು ಹಿತವಾಗಿರುತ್ತದೆ ನಿಜ. ಆದರೆ ಆಗ ನಾಡಿನ ಶಾಲಾ ಪ್ರವಾಸದ ಬಸ್ಸುಗಳೆಲ್ಲ ಅಲ್ಲಿಗೇ ಮುಖ ಮಾಡುತ್ತವೆ, ಕೋಣೆ ಸಿಗುವುದು ಕಷ್ಟ.

ಎಲ್ಲ ಅಳೆದು ಸುರಿದು ಉಳಿದದ್ದು ವಿಜಯದಶಮಿ ಕಳೆದು ಶಾಲೆ ತೆರೆಯುವ ಮುಂಚೆ ಸಿಗುವ ನಾಲ್ಕಾರು ದಿನ. ಅದರಲ್ಲೂ ಶನಿವಾರ, ಭಾನುವಾರ ಬೇಡ. ಮಂಗಳವಾರ ಹೊರಟು ಬುಧವಾರ ರಾತ್ರಿ ಮನೆ. ಈ ತೀರ್ಮಾನಕ್ಕೆ ಬರಲು ಮೂರು ರಾತ್ರಿ ಊಟ ತಣ್ಣಗಾಯಿತಂತೆ.

ಕಾರೋ, ಕೆಂಪು ಬಸ್ಸೋ?

ಎರಡನೆಯದು ಖರ್ಚಿನ ಮಾತು. ಮಗನಿಗೆ ಬಾಡಿಗೆ ಕಾರು ಬೇಕು. ಗೃಹಿಣಿ ಕಾಗದ ಪೆನ್ಸಿಲ್ ಹಿಡಿದು ಕೂತರು. ಮನೆಯಲ್ಲಿ ಐದು ಜನ. ಅಜ್ಜಿ, ಸೊಸೆ, ಹದಿಮೂರರ ಮಗಳು, ಈ ಮೂವರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಕಾಸಿಲ್ಲ. ಎಂಟರ ಮಗನಿಗೆ ಅರ್ಧ ಟಿಕೀಟು. ಯಜಮಾನರಿಗೆ ಒಂದು. ಅಲ್ಲಿಗೆ ಐವರ ಪ್ರವಾಸಕ್ಕೆ ಒಂದೂವರೆ ಟಿಕೀಟು! "ಕಾರಿನ ದುಡ್ಡಲ್ಲಿ ಒಳ್ಳೇ ಕೋಣೆ ಹಿಡೀಬಹುದಲ್ರೀ" ಎಂದ ಮೇಲೆ ಯಜಮಾನರು ತೆಪ್ಪಗಾದರು.

ಆದರೆ ಇಲ್ಲೂ ಒಂದು ಕೊಕ್ಕೆ ಉಂಟು. ಖಾಸಗಿ ಬಸ್ಸು ಹತ್ತಿದರೆ ಈ ಲೆಕ್ಕ ನಡೆಯದು. ಸರ್ಕಾರಿ ಬಸ್ಸಾದರೂ ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಗಾಡಿಗಳಿಗೆ ಇದು ಅನ್ವಯವಿಲ್ಲ. ಆಧಾರ್‌ನಂಥ ಗುರುತಿನ ಚೀಟಿ ಮರೆತರೆ ಕಂಡಕ್ಟರ್ ಕೈಯೊಡ್ಡುತ್ತಾನೆ; ಆಗ ಅವನ ಜೊತೆ ಜಗಳ ಆಡಿ ಫಲವಿಲ್ಲ.

ದಾರಿ ಗೊತ್ತಿರುವುದೇ. ಸಾಗರ, ತಾಳಗುಪ್ಪ ದಾಟಿ ಘಟ್ಟ ಇಳಿದರೆ ಗೇರುಸೊಪ್ಪೆ, ಅಲ್ಲಿಂದ ಹೊನ್ನಾವರ. ಹೊನ್ನಾವರದಲ್ಲಿ ಬಸ್ಸು ಬದಲಿಸಿ ಭಟ್ಕಳದ ಕಡೆ ಹೊರಟರೆ ಮಧ್ಯೆ ಮುರುಡೇಶ್ವರ. ಹೆದ್ದಾರಿಯಲ್ಲೇ ಇಳಿಸುವ ಬಸ್ಸಾದರೆ ಅಲ್ಲಿಂದ ದೇವಸ್ಥಾನಕ್ಕೆ ಆಟೋ ಹಿಡಿಯಬೇಕು. ಘಟ್ಟದಲ್ಲಿ ಹೊಟ್ಟೆ ತೊಳೆಸುವವರು ಬೆಳಿಗ್ಗೆ ಎರಡು ಇಡ್ಲಿಗೆ ಕೈ ತೊಳೆದುಕೊಳ್ಳುವುದು ಕ್ಷೇಮ.

ಕ್ಷೇತ್ರವೋ, ಪಾರ್ಕೋ?

ಅಜ್ಜಿ ಮೊದಲ ಸಲ ಅಲ್ಲಿಗೆ ಹೋದದ್ದು ಮದುವೆಯಾದ ಹೊಸತರಲ್ಲಿ. "ಆಗ ಒಂದು ಗುಡ್ಡ, ಒಂದು ಗುಡಿ, ನಾಲ್ಕು ದೋಣಿ. ಅಷ್ಟೇ ಇದ್ದಿದ್ದು" ಎನ್ನುತ್ತಾರೆ. ಈಗ ಹೋದವರಿಗೆ ಆ ಗುಡಿಯನ್ನು ಹುಡುಕಬೇಕಾದೀತು! ಮೂರು ಕಡೆ ಅರಬ್ಬೀ ಸಮುದ್ರ ಸುತ್ತಿದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವ ಕೂತಿದ್ದಾನೆ. ಎದುರಿಗೆ 20 ಅಂತಸ್ತಿನ, 237 ಅಡಿಯ ರಾಜಗೋಪುರ. ಬಾಗಿಲಲ್ಲಿ ಆಳೆತ್ತರ ಮೀರಿದ ಎರಡು ಕಾಂಕ್ರೀಟು ಆನೆ. ಗುಡ್ಡದ ಮೇಲೆ ತೋಟ, ಗೀತೋಪದೇಶದ ರಥ. ಶಿವನ ಬುಡದಲ್ಲೇ ಗುಹೆ, ಗುಹೆಯೊಳಗೆ ರಾವಣನ ಆತ್ಮಲಿಂಗದ ಕಥೆ ಗೊಂಬೆಗಳಲ್ಲಿ ನಡೆಯುತ್ತದೆ.

ಇದನ್ನೆಲ್ಲ ಮಾಡಿಸಿದವರು ಅದೇ ಊರಲ್ಲಿ ಹುಟ್ಟಿ ಕಂಟ್ರಾಕ್ಟರ್ ಆಗಿ ಬೆಳೆದ ಆರ್.ಎನ್. ಶೆಟ್ಟರು. 2020ರಲ್ಲಿ ತೀರಿಕೊಂಡರು. ಶಿವನ ಮೂರ್ತಿಯನ್ನು ಕಡೆದ ತಂಡದ ಮುಂದಾಳು ಕಾಶೀನಾಥ್ ನಮ್ಮ ಶಿವಮೊಗ್ಗದವರೇ ಎಂಬುದು ಈ ಊರಿನ ಎಷ್ಟು ಜನಕ್ಕೆ ಗೊತ್ತು? ಗೈಡುಗಳು ಈಗಲೂ ಎತ್ತರದ ವಿಷಯದಲ್ಲಿ ಎದೆ ತಟ್ಟಿಕೊಳ್ಳುತ್ತಾರೆ. ಆದರೆ 2022ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ 369 ಅಡಿಯ ಶಿವನ ಉದ್ಘಾಟನೆ ಆಗಿದೆ. ಎತ್ತರದ ಪೈಪೋಟಿ ಹೋಗಲಿ, ಸಮುದ್ರಕ್ಕೆ ಬೆನ್ನು ಕೊಟ್ಟು ಕೂತ ಈ ಶಿವನ ಗತ್ತು ಬೇರೆ.

ಮೊಮ್ಮಗ ಇದನ್ನು ಪಾರ್ಕು ಎನ್ನುತ್ತಾನೆ. ಅಜ್ಜಿಗೆ ಸಿಟ್ಟು. "ಪಾರ್ಕಲ್ಲ ಕಣೋ, ಕ್ಷೇತ್ರ. ಆತ್ಮಲಿಂಗ ಗೋಕರ್ಣದಲ್ಲಿ ನೆಲಕ್ಕೆ ಅಂಟಿತು. ರಾವಣ ಕೋಪದಲ್ಲಿ ಅದರ ಮೇಲಿನ ಬಟ್ಟೆ ಎಸೆದ. ಆ ಬಟ್ಟೆ ಬಿದ್ದ ಜಾಗ ಇದು." ಇಬ್ಬರದೂ ಸರಿಯೇ. ಗುಹೆಗೆ ಟಿಕೀಟು, ಗೋಪುರದ ಲಿಫ್ಟಿಗೆ ಟಿಕೀಟು, ಫೋಟೋದವರು, ಚುರುಮುರಿಯವರು... ನೋಡಿದರೆ ಪಾರ್ಕೇ. ಗರ್ಭಗುಡಿಯ ಎದುರು ಕೈ ಮುಗಿದು ನಿಂತರೆ ಕ್ಷೇತ್ರ.

ಮೊಣಕಾಲಿನ ಪ್ರಶ್ನೆ

ಅಜ್ಜಿಗೆ ಮಂಡಿನೋವು. ಗುಡ್ಡದ ಮೇಲಿನ ಶಿವನ ಪಾದಕ್ಕೆ ಹೋಗಲು ಮೆಟ್ಟಿಲು ಹತ್ತಬೇಕು. ಹಾಗಂತ ಬಿಟ್ಟು ಬರುವುದೇ? ಉಪಾಯ ಸೊಸೆ ಹೇಳಿದರು. ಗೋಪುರದೊಳಗೆ ಲಿಫ್ಟು ಉಂಟು, 18ನೇ ಅಂತಸ್ತಿನವರೆಗೆ ಹೋಗುತ್ತದೆ. ಅಲ್ಲಿಯ ಕಿಟಕಿಯಿಂದ ನೋಡಿದರೆ ಶಿವನೂ ಕಾಣುತ್ತಾನೆ, ಕಡಲೂ ಕಾಣುತ್ತದೆ. ಮೆಟ್ಟಿಲು ಹತ್ತುವವರು ಹತ್ತಲಿ, ಅಜ್ಜಿ ಮೇಲಿಂದಲೇ ಕೈ ಮುಗಿಯಲಿ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವುದರಿಂದ ದರ್ಶನ ಬುಧವಾರ ಬೆಳಿಗ್ಗೆಯೇ ಮುಗಿಸಬೇಕು. ಬರಿಗಾಲಿಗೆ ಬಿಸಿಲಿನ ಕಲ್ಲು ತಾಗುವ ಮುಂಚೆ.

ಕಡೆಗೆ ಉಳಿದದ್ದು ಕಡಲು

ಇಷ್ಟಾದ ಮೇಲೂ ತಾಯಿಯ ಮುಖ ಅರಳಲಿಲ್ಲ. ಕಾರಣ ಪತ್ರಿಕೆಯಲ್ಲಿ ಓದಿದ್ದ ಸುದ್ದಿ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಇದೇ ಮುರುಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಅವರ ಜೊತೆ ಕೊಚ್ಚಿಹೋಗುತ್ತಿದ್ದ ಮೂವರನ್ನು ಉಳಿಸಿದರು. ಅದಾದ ಮೇಲೆ ಕಡಲತೀರವನ್ನೇ ಕೆಲಕಾಲ ಮುಚ್ಚಿದ್ದರು. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದವರೂ ಉಂಟು. ಹೋದ ಮಕ್ಕಳು ತಿರುಗಿ ಬರಲಿಲ್ಲ.

ಬಯಲುಸೀಮೆ, ಮಲೆನಾಡಿನವರಿಗೆ ಕೆರೆ ಗೊತ್ತು, ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ದಡಕ್ಕೆ ಬಂದ ಅಲೆಯ ನೀರು ವಾಪಸು ಹೋಗಲು ದಾರಿ ಹುಡುಕುತ್ತದೆ. ಎಲ್ಲೋ ಒಂದು ಕಡೆ ಕಿರುದಾರಿ ಮಾಡಿಕೊಂಡು ರಭಸದಿಂದ ಒಳಕ್ಕೆ ಓಡುತ್ತದೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದರೂ ಆ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಬಾ" ಎಂದು ಮಕ್ಕಳು ಇಳಿಯುವುದು ಅಲ್ಲಿಗೇ! ಸೊಂಟದವರೆಗಿನ ನೀರೂ ಅಲ್ಲಿ ಕಾಲು ಕೀಳಿಸಬಲ್ಲದು. ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೋದರೆ ಸೋತು ಮುಳುಗುತ್ತಾರೆ. ದಡದ ಉದ್ದಕ್ಕೆ, ಪಕ್ಕಕ್ಕೆ ಸರಿದು ಸೆಳೆತ ದಾಟಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬಾರದವರು ರಕ್ಷಿಸಲು ಹಾರಿದರೆ ಒಂದರ ಬದಲು ಎರಡು ಹೆಣ. ಹಗ್ಗ ಎಸೆಯಿರಿ, ಖಾಲಿ ಡಬ್ಬಿ ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ.

ಮನೆಯಲ್ಲಿ ಕಡೆಗೆ ಕಾನೂನು ಆಯಿತು. ಕೆಂಪು ಬಾವುಟ ಇದ್ದರೆ ನೀರಿಗೆ ಕಾಲಿಡುವಂತಿಲ್ಲ. ಜೀವರಕ್ಷಕರು ನಿಂತ ಜಾಗ ಬಿಟ್ಟು ಬೇರೆಡೆ ಇಳಿಯುವಂತಿಲ್ಲ. ನೀರು ಮಂಡಿಗಿಂತ ಮೇಲೆ ಬರಬಾರದು. ಹೊತ್ತು ಮುಳುಗಿದ ಮೇಲೆ ಮರಳು ಮಾತ್ರ. ಮಕ್ಕಳು ನೀರಲ್ಲಿರುವಷ್ಟು ಹೊತ್ತು ಅಪ್ಪನ ಕೈಯಲ್ಲಿ ಫೋನ್ ಇರಬಾರದು. ಈ ಕಡೆಯ ಕಲಮು ಸೇರಿಸಿದ್ದು ಮಗಳು. ಯಜಮಾನರು ಸುಮ್ಮನೆ ಒಪ್ಪಿದರು.

ಮಂಗಳವಾರ ಬೆಳಗಿನ ಜಾವ ಐವರೂ ಬಸ್ ನಿಲ್ದಾಣದಲ್ಲಿದ್ದರು. ಅಜ್ಜಿಯ ಚೀಲದಲ್ಲಿ ಔಷಧಿ, ತೆಂಗಿನಕಾಯಿ, ಆಧಾರ್ ಕಾರ್ಡು. ಅಂಗಡಿಯ ಶಟರ್ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಸಾಲು: "ಗುರುವಾರ ತೆರೆಯುತ್ತದೆ." ಕೀಲಿಯನ್ನು ಮಾತ್ರ ಎದುರಂಗಡಿಯವರ ಕೈಗೇ ಕೊಟ್ಟಿದ್ದರು. ಅವರು ತೆಗೆದುಕೊಂಡು ಹೇಳಿದ್ದಿಷ್ಟೇ: "ನಿಶ್ಚಿಂತೆಯಿಂದ ಹೋಗಿ ಬನ್ನಿ. ಮಕ್ಕಳ ಕೈ ಮಾತ್ರ ಬಿಡಬೇಡಿ."