ನಿಮಗಿದು ಗೊತ್ತೇ? ಹೊಸಂಗಡಿಯಲ್ಲಿ ಯಂತ್ರ ತಿರುಗಿದರೆ ಹೊಳೆಗೇನಾಗುತ್ತದೆ?

● ಉಡುಪಿ ಜಿಲ್ಲೆಯ ದೊಡ್ಡ ಜಲವಿದ್ಯುತ್ ಕೇಂದ್ರ ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ. ಹೊಸಂಗಡಿಯಲ್ಲಿ ಗುಡ್ಡದ ಹೊಟ್ಟೆ ಕೊರೆದು ವಾರಾಹಿ ಯೋಜನೆಯ ನಾಲ್ಕು ಯಂತ್ರಗಳನ್ನು ಕೂರಿಸಿದ್ದಾರೆ. ಒಂದೊಂದು 115, ಒಟ್ಟು 460 ಮೆಗಾವ್ಯಾಟ್.

● ಅಲ್ಲಿಗೆ ನೀರು ಬರುವುದು ಘಟ್ಟದ ಮೇಲಿರುವ ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದಿಂದ, ಸುರಂಗ ಮತ್ತು ಕೊಳವೆಗಳ ಮೂಲಕ. ವಾರಾಹಿ ಹೊಳೆ ಮೊದಲು ಇಳಿಯುತ್ತಿದ್ದ ದಾರಿ ಕುಂಚಿಕಲ್ ಜಲಪಾತದ್ದು. ಅದರ ಎತ್ತರ 455 ಮೀಟರ್ ಎನ್ನುತ್ತಾರೆ. ಈಗ ಅದಕ್ಕೆ ಜೀವ ಬರುವುದು ಮಳೆಗಾಲದಲ್ಲಷ್ಟೇ.

● ಕಾಪು ತಾಲ್ಲೂಕಿನ ಎಲ್ಲೂರಿನ ಕಲ್ಲಿದ್ದಲು ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್, ಹೊಸಂಗಡಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದರೆ ತಣ್ಣಗಾದ ಬಾಯ್ಲರ್ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ಹಾಗಾಗಿ ಸಂಜೆ ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಮಿಕ್ಸಿ ಒಟ್ಟಿಗೇ ಓಡತೊಡಗಿದಾಗ ಏರುವ ಬೇಡಿಕೆಯನ್ನು ಹೊರುವುದು ಹೆಚ್ಚಾಗಿ ಜಲಾಶಯಗಳೇ. ಯಂತ್ರ ಓಡಿದರೆ ಕೆಳಗೆ ಹೊಳೆ ಏರುತ್ತದೆ, ನಿಂತರೆ ಇಳಿಯುತ್ತದೆ.

● ಈ ಏರಿಳಿತ ಕೊಲ್ಲುವುದು ಮೀನನ್ನಷ್ಟೇ ಅಲ್ಲ, ಹುಳುವಿನ ಮೊಟ್ಟೆಯನ್ನೂ. ಅಮೆರಿಕದ ಕೊಲೊರಾಡೊ ನದಿಯಲ್ಲಿ ದೋಣಿ ನಡೆಸುವವರೂ ಪ್ರವಾಸಿಗರೂ ರಾತ್ರಿ ದೀಪವಿಟ್ಟು ಹೊಳೆಹುಳುಗಳನ್ನು ಹಿಡಿದು ವಿಜ್ಞಾನಿಗಳಿಗೆ ಕೊಟ್ಟರು. ಸಂಜೆ ನೀರಂಚಿನ ಕಲ್ಲಿಗೆ ಅಂಟಿಸಿದ ಮೊಟ್ಟೆ, ನೀರು ಇಳಿದ ಮೇಲೆ ಒಣಗಿ ಸಾಯುತ್ತಿತ್ತೆಂದು 2016ರಲ್ಲಿ ವರದಿಯಾಯಿತು. 2018ರಲ್ಲಿ ಅದೇ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ಬೇಸಿಗೆಯ ಶನಿವಾರ, ಭಾನುವಾರಗಳಂದು ಹರಿವನ್ನು ಏರಿಳಿಸದೆ ಒಂದೇ ಮಟ್ಟದಲ್ಲಿಡುವ ಪ್ರಯೋಗ ಶುರುವಾಯಿತು. ಹುಳುಗಳಿಗಾಗಿ ವಾರದ ರಜೆ! ನಮ್ಮ ವಾರಾಹಿಯಲ್ಲೂ ಇಂಥದ್ದೊಂದನ್ನು ಮಾಡಿ ನೋಡಬೇಕು.

● ಚಕ್ರಾ ಹೊಳೆ ತನ್ನ ಪಾಡಿಗೆ ಹರಿದರೆ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಆದರೆ ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳಲ್ಲಿ ನಿಂತ ನೀರು ತಿರುಗಿ ಹೋಗುವುದು ಲಿಂಗನಮಕ್ಕಿಗೆ. ಅಲ್ಲಿಂದ ಶರಾವತಿಯ ಟರ್ಬೈನುಗಳನ್ನು ತಿರುಗಿಸಿ ಅದು ಹೊನ್ನಾವರದಲ್ಲಿ ಕಡಲಿಗೆ ಬೀಳುತ್ತದೆ. ಒಂದು ಅಳಿವೆಯ ಸಿಹಿನೀರನ್ನು ಇನ್ನೊಂದಕ್ಕೆ ಕೊಟ್ಟ ಹಾಗಾಯಿತು.

● ಅಳಿವೆಗೆ ಸಿಹಿನೀರು ಹೆಚ್ಚಾದರೂ ಕಷ್ಟ. ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ನೀರು ಬಂದು ಉಪ್ಪಿನಂಶ ಕುಸಿದಿದೆ. ಅದರಿಂದ ಚಿಪ್ಪುಜೀವಿಗಳು ತೀರಾ ಕಡಿಮೆಯಾಗಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2014ರಲ್ಲಿ ಪ್ರಕಟಿಸಿತು. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಅಲ್ಲಿ ಬಳಚು ಎಂಬ ಚಿಪ್ಪುಜೀವಿ ಸಾವಿರಾರು ಮನೆಗಳ ಒಲೆ ಉರಿಸಿದೆ. ಉಡುಪಿಯವರು ಮರುವಾಯಿ ಎಂದು ಬಾಯಿ ಚಪ್ಪರಿಸುವುದೂ ಈ ಬಗೆಯ ಚಿಪ್ಪನ್ನೇ. ಉಬ್ಬರ ಇಳಿತಕ್ಕೆ ತಕ್ಕಂತೆ ಉಪ್ಪೂ ಸಿಹಿಯೂ ಹದವಾಗಿ ಬೆರೆತರೇ ಅದರ ಬಾಳು.

● ಚಿಕ್ಕ ಘಟಕವಾದರೆ ತೊಂದರೆಯೂ ಚಿಕ್ಕದು ಎನ್ನುವಂತಿಲ್ಲ. ನೇತ್ರಾವತಿಯ ಮೇಲ್ಕೊಳ್ಳಗಳಲ್ಲಿ ಕಿರು ಜಲವಿದ್ಯುತ್ ಘಟಕಗಳ ಅಧ್ಯಯನ 2018ರಲ್ಲಿ ಹೊರಬಂತು. ನೀರು ತಿರುಗಿಸಿ ಬತ್ತಿಸಿದ ಭಾಗದಲ್ಲಿ ಹೊಳೆ ಬೆಚ್ಚಗಾಗಿತ್ತು, ಆಮ್ಲಜನಕ ಇಳಿದಿತ್ತು, ಮೀನಿನ ಬಗೆಗಳೂ ಬದಲಾಗಿದ್ದವು.

● ನೀರು ಬೆಚ್ಚಗಾದಷ್ಟೂ ಉಸಿರು ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹಿಡಿದುಕೊಳ್ಳಬಲ್ಲ ಆಮ್ಲಜನಕ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6.

● ಉಡುಪಿ, ಮಣಿಪಾಲಕ್ಕೆ ಕುಡಿಯುವ ನೀರು ಕೊಟ್ಟದ್ದು ಸ್ವರ್ಣಾ ಹೊಳೆ, ಬಜೆಯ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಬಜೆ ಬರಿದಾಗಿ, ಮೇಲಿನ ಗುಂಡಿಗಳ ನೀರನ್ನು ಪಂಪಿನಲ್ಲಿ ಎತ್ತಬೇಕಾಯಿತು. ಆದರೆ ಹೊಸಂಗಡಿಯ ವಿದ್ಯುದಾಗಾರದಿಂದ ಹೊರಬಿದ್ದ ನೀರಿನ ಬಲದಿಂದ ವಾರಾಹಿ ಬೇಸಿಗೆಯಲ್ಲೂ ಹರಿಯುತ್ತದೆ. ಸಿದ್ದಾಪುರದ ಹೊರಿಯಬ್ಬೆಯಲ್ಲಿ ಗದ್ದೆಗೆ ತಿರುಗುವುದು ಆ ನೀರೇ. ಉಡುಪಿ ನಗರಕ್ಕೂ ಅದನ್ನು ತರಲು ಅಮೃತ್ ಯೋಜನೆಯಲ್ಲಿ ಪೈಪು ಹಾಕಲಾಯಿತು. ಗದ್ದೆಗೆ, ನಗರಕ್ಕೆ, ಕರೆಂಟಿಗೆ ಎಂದು ಪಾಲು ಹಂಚುವಾಗ ಹೊಳೆಗೂ ಒಂದು ಪಾಲು ಬರೆದಿಡಬೇಕು.

● ಹೊಳೆಯ ಪಾಲು ಎಷ್ಟು? ಬೇಸಿಗೆಯ ಸರಾಸರಿ ಹರಿವಿನ ಕನಿಷ್ಠ 15ರಿಂದ 20 ಶೇಕಡವಾದರೂ ನದಿಯಲ್ಲಿರಲಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಮೇಲಿನ ಗಂಗೆಗೆ 2018ರಲ್ಲಿ ಕೇಂದ್ರ ಸರ್ಕಾರ ತಿಂಗಳುವಾರು ಲೆಕ್ಕ ಕಟ್ಟಿತು: ನವೆಂಬರ್‌ನಿಂದ ಮಾರ್ಚ್‌ವರೆಗೆ 20 ಶೇಕಡ, ಮಳೆಗಾಲದಲ್ಲಿ 30. ತಿಂಗಳ ಲೆಕ್ಕವೂ ಸಾಲದು, ಗಂಟೆಗಂಟೆಯ ಹರಿವನ್ನು ಅಳೆದರೇ ಸಂಜೆಯ ಏರಿಳಿತ ಸಿಕ್ಕಿಬೀಳುವುದು.

● ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆಯಿಡಲು ನುಗ್ಗುವ ಹತ್ತುಮೀನಿಗೆ ಕಿಂಡಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಹಾಕಿದ ಹಲಗೆ ತಡವಾಗಿ ತೆಗೆದರೂ ದಾರಿ ಮುಚ್ಚಿದಂತೆ.

● ಹೊಳೆಯ ಆರೋಗ್ಯ ನೋಡಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಮಳೆ ಬಿಟ್ಟ ಮೇಲೆ, ಮೊಣಕಾಲಿನ ಕೆಳಗಿನ ಹರಿಯುವ ನೀರಿನಲ್ಲಿ ಅಂಗೈಯಗಲದ ಕಲ್ಲೊಂದನ್ನು ಮಗುಚಿ ನೋಡಿ. ಮೂರು ಬಾಲದ ಚಪ್ಪಟೆ ಹುಳು, ಮರಳು ಅಂಟಿಸಿ ಕಟ್ಟಿಕೊಂಡ ಪುಟ್ಟ ಗೂಡು ಕಂಡರೆ ಅಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದು ತಿಳಿಯಿರಿ. ಕಲ್ಲನ್ನು ಇದ್ದ ಹಾಗೆಯೇ ಇಡಿ. ವಿದ್ಯುದಾಗಾರ, ಅಣೆಕಟ್ಟುಗಳ ಕೆಳಗೆ ಮಾತ್ರ ಇಳಿಯಬೇಡಿ, ಅಲ್ಲಿ ನೀರು ಹೇಳದೆ ಏರುತ್ತದೆ.