ಮಗಳು ಎಂ.ಟೆಕ್. ಓದುತ್ತೇನೆ ಎಂದರೆ…

“ಬಿ.ಇ. ಆಯ್ತಲ್ಲ, ಇನ್ನೂ ಏನು ಓದೋದು? ಒಳ್ಳೇ ಕಡೆ ನೋಡಿ ಮದುವೆ ಮಾಡಿ.” ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುವ ಮಗಳಿರುವ ಮನೆಯಲ್ಲಿ ಈ ಮಾತನ್ನು ಯಾರಾದರೊಬ್ಬರು ಆಡಿಯೇ ಆಡುತ್ತಾರೆ. ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಾರೆ, ಅತ್ತೆಯವರು ವಯಸ್ಸಿನ ಲೆಕ್ಕ ಹಾಕುತ್ತಾರೆ. ತಾಯಂದಿರಾದ ನಾವು ಮಾತ್ರ “ನಮಗೇನು ಗೊತ್ತಾಗುತ್ತೆ” ಎಂದು ಒಲೆಯ ಕಡೆ ತಿರುಗುತ್ತೇವೆ. ಹಾಗೆ ತಿರುಗಬೇಡಿ ಅಂತ ಹೇಳುವುದಕ್ಕೇ ಈ ನಾಲ್ಕು ಮಾತು.

ನಾನೂ ಹೈಸ್ಕೂಲಿನವರೆಗೆ ಓದಿದವಳೇ. ಮಗಳು ಎಂ.ಟೆಕ್. ಮಾತೆತ್ತಿದಾಗ ಅವಳನ್ನೇ ಕೂರಿಸಿಕೊಂಡು, ಅವಳ ಮೇಷ್ಟ್ರುಗಳನ್ನು ಕೇಳಿ, ಒಂದೊಂದೇ ತಿಳಿದುಕೊಂಡೆ. ಇದಕ್ಕೆ ಬೇಕಾದದ್ದು ದೊಡ್ಡ ಹಣದ ಗಂಟಲ್ಲ; ಒಂದು ಪರೀಕ್ಷೆ, ಕೆಲವು ತಾರೀಕು, ಮತ್ತು ಮನೆಯವರ ಒಪ್ಪಿಗೆ.

ಅದರಲ್ಲಿ ಏನು ಕಲಿಸುತ್ತಾರೆ?

ಕರೆಂಟಿನ ಓದು ಎಂದರೆ ಫ್ಯೂಸ್ ಹಾಕುವುದಲ್ಲ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಸೋಲಾರ್ ಹಲಗೆಯಿಂದ ಬರುವುದು ಡಿ.ಸಿ. ಕರೆಂಟು, ನಮ್ಮ ಮಿಕ್ಸಿಗೆ ಬೇಕಾದದ್ದು ಎ.ಸಿ. ಅದನ್ನು ಇದಾಗಿ ಮಾಡುವ ವಿದ್ಯೆ ‘ಪವರ್ ಎಲೆಕ್ಟ್ರಾನಿಕ್ಸ್’. ಎಲ್ಲೋ ತಯಾರಾದ ಕರೆಂಟನ್ನು ಊರೂರಿಗೆ ಹಂಚುವುದು ‘ಪವರ್ ಸಿಸ್ಟಮ್ಸ್’. ಎಲೆಕ್ಟ್ರಿಕ್ ಬಸ್ಸಿನ ಮೋಟಾರನ್ನು ಹಿಡಿತದಲ್ಲಿಡುವುದು ‘ಡ್ರೈವ್ಸ್’. ಬಿ.ಇ.ಯಲ್ಲಿ ಇವೆಲ್ಲ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಎಂ.ಟೆಕ್.ನಲ್ಲಿ ಒಂದನ್ನು ಹಿಡಿದು ಆಳಕ್ಕೆ ಇಳಿಯುತ್ತಾರೆ.

ಸೇರಲು ಎರಡು ಬಾಗಿಲು

ಮೊದಲನೆಯದು ‘ಗೇಟ್’ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳು ಸೇರಿ ಇದನ್ನು ಇಡೀ ದೇಶಕ್ಕೆ ನಡೆಸುತ್ತವೆ. ಅರ್ಜಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಕಂಪ್ಯೂಟರ್ ಮುಂದೆ ಕೂತು ಮೂರು ಗಂಟೆಯಲ್ಲಿ 65 ಪ್ರಶ್ನೆಗೆ ಉತ್ತರಿಸಬೇಕು. ಒಟ್ಟು 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಬುದ್ಧಿಗೆ, 13 ಗಣಿತಕ್ಕೆ, ಉಳಿದ 72 ಎಲೆಕ್ಟ್ರಿಕಲ್ ವಿಷಯಕ್ಕೆ. ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆ ತಪ್ಪಾದರೆ ಅಂಕ ಕಳೆಯುತ್ತಾರೆ. ಲೆಕ್ಕ ಮಾಡಿ ಸಂಖ್ಯೆ ತುಂಬುವ ಪ್ರಶ್ನೆಗೆ ಕಳೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಅರ್ಧ. ಬಿ.ಇ. ಮೂರನೇ ವರ್ಷದಲ್ಲಿರುವಾಗಲೇ ಬರೆಯಬಹುದು.

ಇನ್ನೊಂದು ಮಾತು ನೆನಪಿಡಿ: ಗೇಟ್ ಅಂಕಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಮನೆಯಲ್ಲಿ ಕಾಯಿಲೆ-ಕಸಾಲೆ ಬಂದು ಒಂದು ವರ್ಷ ತಡವಾದರೂ ಬರೆದ ಪರೀಕ್ಷೆ ನೀರಿನಲ್ಲಿ ಹೋಮ ಆಗುವುದಿಲ್ಲ.

ಎರಡನೆಯ ಬಾಗಿಲು ನಮ್ಮ ರಾಜ್ಯದ ಪಿ.ಜಿ.ಸಿ.ಇ.ಟಿ. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಬಿ.ಇ.ಯಲ್ಲಿ ಶೇಕಡಾ 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ 45 ಸಾಕು. ಐ.ಐ.ಟಿ., ಸುರತ್ಕಲ್‌ನಂಥ ಎನ್.ಐ.ಟಿ.ಗಳಲ್ಲಿ ಸಾಮಾನ್ಯವಾಗಿ ಶೇಕಡಾ 60 ಕೇಳುತ್ತಾರೆ. ಆದ್ದರಿಂದ ಮೊದಲನೇ ಸೆಮಿಸ್ಟರಿನಿಂದಲೇ ಅಂಕ ಕಾಪಾಡಿಕೊಳ್ಳಲಿ.

ದುಡ್ಡಿನ ಮಾತು

ಎಲ್ಲರೂ ಹೆದರುವುದು ಇಲ್ಲೇ. ಗೇಟ್ ಪಾಸಾಗಿ, ಎ.ಐ.ಸಿ.ಟಿ.ಇ. ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ, ಹೆಚ್ಚೆಂದರೆ 24 ತಿಂಗಳು. ಹಾಸ್ಟೆಲಿನ ಊಟ, ಪುಸ್ತಕ, ಊರಿಗೆ ಬಂದುಹೋಗುವ ಖರ್ಚಿಗೆ ಇದು ದೊಡ್ಡ ಆಸರೆ. ಗೇಟ್ ಇಲ್ಲದೆ ಬರೀ ಪಿ.ಜಿ.ಸಿ.ಇ.ಟಿ. ಮೇಲೆ ಸೇರಿದವರಿಗೆ ಈ ಹಣ ಬರುವುದಿಲ್ಲ. ಹಾಗಾಗಿ “ಹೇಗೂ ಇಲ್ಲೇ ಸೀಟು ಸಿಗುತ್ತಲ್ಲ, ಗೇಟ್ ಯಾಕೆ” ಎಂದು ಮಗಳು ಉದಾಸೀನ ಮಾಡಿದರೆ ಒಪ್ಪಬೇಡಿ. ಎನ್.ಟಿ.ಪಿ.ಸಿ., ಪವರ್ ಗ್ರಿಡ್‌ನಂಥ ಸರ್ಕಾರಿ ಕಂಪನಿಗಳು ಗೇಟ್ ಅಂಕ ನೋಡಿ ಕೆಲಸ ಕೊಟ್ಟದ್ದೂ ಉಂಟು.

ಸೇರಿದ ಮೇಲೆ

ಎರಡು ವರ್ಷ, ನಾಲ್ಕು ಸೆಮಿಸ್ಟರು. ಮೊದಮೊದಲು ಪಾಠ, ಲ್ಯಾಬು, ಸೆಮಿನಾರು. ಆಮೇಲೆ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ತಾನೇ ಒಂದು ಸಮಸ್ಯೆ ಆರಿಸಿ, ಪ್ರಯೋಗ ಮಾಡಿ, ಪ್ರಬಂಧ ಬರೆದು, ಪರೀಕ್ಷಕರ ಎದುರು ಕೂತು ಸಮರ್ಥಿಸಬೇಕು. ಮಗಳು “ಈ ಸಲ ಹಬ್ಬಕ್ಕೆ ಬರೋಕಾಗಲ್ಲಮ್ಮ” ಅನ್ನುವುದು ಆಗಲೇ! ಬೇಜಾರು ಮಾಡಿಕೊಳ್ಳಬೇಡಿ. ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಆದ್ದರಿಂದ ನೆಂಟರ ಮನೆಯ ಪ್ರತಿ ಗೃಹಪ್ರವೇಶಕ್ಕೂ ಕರೆಸಬೇಡಿ.

ಕಾಗದಪತ್ರದಲ್ಲಿ ತಾಯಿಯ ಕೈ

ಇದು ನಾವೇ ಮಾಡಬಹುದಾದ ಕೆಲಸ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ, ಮೂರರಲ್ಲೂ ಮಗಳ ಹೆಸರು ಒಂದೇ ಥರ ಇದೆಯೇ ನೋಡಿ. ಒಂದು ಕಡೆ ಇನಿಷಿಯಲ್ಲು, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಇದ್ದರೆ ಮುಂಚೆಯೇ ಸರಿಮಾಡಿಸಿ. ಹಿಂದುಳಿದ ವರ್ಗದವರು ಒಂದನ್ನು ಮರೆಯಬಾರದು: ರಾಜ್ಯದ 2ಎ, 3ಬಿ ಪ್ರಮಾಣಪತ್ರ ಐ.ಐ.ಟಿ., ಎನ್.ಐ.ಟಿ. ಸೀಟಿಗೆ ನಡೆಯುವುದಿಲ್ಲ. ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ, ಕೇಂದ್ರ ಸರ್ಕಾರದ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರವನ್ನೇ ತಾಲ್ಲೂಕು ಕಚೇರಿಯಲ್ಲಿ ಕೇಳಿ ಮಾಡಿಸಬೇಕು. ಅರ್ಜಿ ಹಾಕುವ ದಿನ ಓಡಾಡಿದರೆ ಕೈಗೆ ಸಿಗದು.

ಮದುವೆ?

“ಎಂ.ಟೆಕ್. ಓದಿದರೆ ಅವಳಿಗಿಂತ ಹೆಚ್ಚು ಓದಿದ ಹುಡುಗನ್ನ ಎಲ್ಲಿಂದ ತರೋದು?” ಎಂದು ಕೇಳುವವರಿದ್ದಾರೆ. ಅವರಿಗೆ ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿ. 1922ರಲ್ಲಿ ಹುಟ್ಟಿದ ನಮ್ಮ ಕನ್ನಡನಾಡಿನ ಹೆಣ್ಣುಮಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನ ಮಾಸ್ಟರ್ಸ್ ಪದವಿ, ಆಮೇಲೆ ಡಾಕ್ಟರೇಟ್ ಪಡೆದರು. 1953ರಲ್ಲಿ ಹಿಂತಿರುಗಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅಲ್ಲಿನ ಅಧ್ಯಾಪಕರೊಬ್ಬರನ್ನೇ ಮದುವೆಯಾಗಿ ಸಂಸಾರವನ್ನೂ ಮಾಡಿದರು. ಮಗಳು ಕೂಡ ಇದೇ ವಿದ್ಯೆಯಲ್ಲಿ ಪ್ರೊಫೆಸರ್ ಆದರು. ಆ ಕಾಲಕ್ಕೇ ಹೆಣ್ಣುಮಗಳೊಬ್ಬಳು ಸಮುದ್ರ ದಾಟಿ ಹೋಗಿ ಓದಿ ಬಂದಳೆಂದರೆ, ನಮ್ಮ ಮಗಳು ಬಸ್ಸಿನಲ್ಲಿ ಸುರತ್ಕಲ್‌ಗೆ ಹೋಗಿ ಬರಲಾರಳೇ?

ಸಂಬಂಧ ಬಂದರೆ ಬೇಡ ಎನ್ನಬೇಕಿಲ್ಲ. ಆದರೆ ಹುಡುಗನ ಕಡೆಯವರ ಹತ್ತಿರ “ಎರಡು ವರ್ಷದ ಓದಿದೆ, ಅದು ಮುಗಿಯಬೇಕು” ಎಂದು ಮೊದಲೇ, ಹಿರಿಯರ ಎದುರಿನಲ್ಲೇ ಹೇಳಿಬಿಡಿ. “ಆಮೇಲೆ ನೋಡೋಣ” ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಎಲ್ಲ ಹೆಣ್ಣುಮಕ್ಕಳೂ ಎಂ.ಟೆಕ್. ಓದಲೇಬೇಕು ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಹೋಗುವ ಆಸೆ ಇದ್ದವರು ಹೋಗಲಿ. ಆದರೆ ಓದುವ ಆಸೆ ಇರುವವಳು ಮನೆಯವರಿಗೆ ವಿಷಯ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ನಿಲ್ಲಬಾರದು. ಇವತ್ತೇ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ತಿಂಗಳಿಗೆ ಒಂದು ಕೆಂಪು ಗುರುತು ಹಾಕಿಡಿ.