ಒಂದೇ ನೂಲು, ಎರಡು ಸಂಸಾರ

ಬೆಳಗಾವಿಯ ಹಿಂದವಾಡಿಯಿಂದ ಹೊರಟು ಖಾನಾಪುರ ದಾಟಿ ಭೀಮಗಡದ ಕಡೆ ಹೊರಳಿದರೆ, ಮರಗಳ ಕೊಂಬೆಯಲ್ಲಿ ಹಸಿರೆಲೆ ಸೇರಿಸಿ ಹೊಲಿದ ಉಂಡೆಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಅವು ಚಗಳಿ ಇರುವೆಯ ಗೂಡುಗಳು. ಒಮ್ಮೆ ಕೈ ತಾಗಿಸಿದವರು ಮರೆಯುವುದಿಲ್ಲ. ಕಚ್ಚಿದ ಜಾಗಕ್ಕೇ ಹೊಟ್ಟೆ ಬಗ್ಗಿಸಿ ಫಾರ್ಮಿಕ್ ಆಮ್ಲ ಚಿಮ್ಮಿಸುವ ಜಾಣ ಜೀವಿ ಅದು. ಪಶ್ಚಿಮ ಘಟ್ಟದ ಕಾಡಿನ ಇನ್ನೊಬ್ಬ ನಿವಾಸಿ ಅಟ್ಲಾಸ್ ಪತಂಗ. ರೆಕ್ಕೆ ಹರಡಿದರೆ 24 ಸೆಂಟಿಮೀಟರ್‌ವರೆಗೂ ಅಗಲ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಚಿತ್ತಾರ.

ಗಾತ್ರ, ಗುಣ, ಬಾಳ್ವೆ ಯಾವುದರಲ್ಲೂ ಇವೆರಡಕ್ಕೆ ತಾಳೆಯಿಲ್ಲ. ಆದರೆ ಎರಡರ ಮರಿಯೂ ಬಾಯಿಂದ ರೇಷ್ಮೆ ಎಳೆ ಬಿಡುತ್ತದೆ.

ಪತಂಗದ ಮರಿ ಆ ಎಳೆಯನ್ನು ತನಗಾಗಿಯೇ ಖರ್ಚು ಮಾಡುತ್ತದೆ. ದಾಲ್ಚಿನ್ನಿ, ಪೇರಲ, ನಿಂಬೆಯ ಎಲೆಗಳನ್ನು ವಾರಗಟ್ಟಲೆ ಮೇಯ್ದು ಕೊಬ್ಬಿ, ಎಲೆ ಸುತ್ತಿಕೊಂಡು ಕಂದು ಗೂಡು ನೇಯ್ದು ಒಳಗೆ ಕೂರುತ್ತದೆ. ಅಷ್ಟು ತಿಂದದ್ದಕ್ಕೆ ಕಾರಣವಿದೆ. ರೆಕ್ಕೆ ಬಂದ ಪತಂಗಕ್ಕೆ ಉಣ್ಣಲು ಕೆಲಸಕ್ಕೆ ಬರುವ ಬಾಯೇ ಇಲ್ಲ! ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರದ ಬದುಕು. ಹೆಣ್ಣು ಗೂಡಿನ ಹತ್ತಿರವೇ ಕೂತು ವಾಸನೆ ಹರಿಬಿಡುತ್ತದೆ. ಗಂಡು ಗರಿಯಂಥ ಮೀಸೆಯಲ್ಲಿ ಅದನ್ನು ಹಿಡಿದು ಹುಡುಕಿಕೊಂಡು ಬರುತ್ತದೆ.

ಚಗಳಿಯ ಲೆಕ್ಕಾಚಾರ ಇನ್ನೂ ಸೋಜಿಗದ್ದು. ದುಡಿಯುವ ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರ ಎಳೆಯುತ್ತವೆ. ನಡುವಿನ ಸಂದು ದೊಡ್ಡದಾದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ಬೆಳೆದ ಮರಿಗಳನ್ನು ದವಡೆಯಲ್ಲಿ ಕಚ್ಚಿ ತರುತ್ತವೆ. ಮೀಸೆಯಿಂದ ತಟ್ಟಿದರೆ ಮರಿ ಎಳೆ ಬಿಡುತ್ತದೆ. ಅದನ್ನು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸುತ್ತ ಹೋಗುವುದನ್ನು ನೋಡಿದರೆ ವಡಗಾವಿಯ ಮಗ್ಗದಲ್ಲಿ ಲಾಳಿ ಓಡಿದಂತಿರುತ್ತದೆ. ಇರುವೆಯೇ ನೇಕಾರ, ಕೂಸೇ ಲಾಳಿ, ನೂಲೂ ಕೂಸಿನದೇ.

ಇದಕ್ಕೆ ಬೆಲೆ ತೆರುವುದು ಆ ಮರಿ. ಹತ್ತಿರದ ನೆಂಟರಾದ ಎಷ್ಟೋ ಇರುವೆಗಳ ಮರಿಗಳು ತಮ್ಮ ಸುತ್ತ ಗೂಡು ಕಟ್ಟಿಕೊಂಡು ಕೋಶವಾಗುತ್ತವೆ. ಚಗಳಿಯ ಮರಿಗೆ ಆ ಹೊದಿಕೆಯಿಲ್ಲ. ಅದರ ರೇಷ್ಮೆಯೆಲ್ಲ ಊರಿನ ಗೋಡೆಗೆ ಹೋಗಿರುತ್ತದೆ. ಬರಿಮೈಯಲ್ಲೇ ಕೋಶವಾಗುತ್ತದೆ. ಸುತ್ತಲೂ ಹಲವು ಮರಗಳಲ್ಲಿ ಹಬ್ಬಿದ, ಲಕ್ಷಗಟ್ಟಲೆ ಇರುವೆಗಳ ಕಾವಲಿರುವಾಗ ಅದು ನಡೆದೀತು. ಒಂಟಿ ಪತಂಗಕ್ಕೆ ನಡೆಯದು.

ಮನುಷ್ಯ ಎರಡನ್ನೂ ಬಿಟ್ಟಿಲ್ಲ. ತೈವಾನಿನಲ್ಲಿ ಪತಂಗದ ಖಾಲಿ ಗೂಡು ಚಿಲ್ಲರೆ ಹಾಕುವ ಪರ್ಸ್ ಆಯಿತು. ಚೀನಾದ ಕಿತ್ತಳೆ ತೋಟಗಳಲ್ಲಿ ಕೀಟ ಓಡಿಸಲು ಚಗಳಿ ಗೂಡು ತಂದು ಕಟ್ಟುತ್ತಿದ್ದ ಬಗ್ಗೆ ಕ್ರಿ.ಶ. 304ರ ಸುಮಾರಿನ ದಾಖಲೆಯಿದೆ. ನಮ್ಮ ಮಲೆನಾಡಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲವೋ ಏನೋ, ಗೂಡು ಕೊಡವಿ, ಇರುವೆ ಹುರಿದು, ಮೆಣಸಿನಕಾಯಿ ಜೊತೆ ಚಟ್ನಿ ಅರೆದರು.